ಕ್ಯಾಮ್‌ಶಾಫ್ಟಿನ ಜಾಗದಲ್ಲಿ ಸಾಲಾಮಿ

ಶನಿವಾರ ಬೆಳಿಗ್ಗೆ ಅಗ್ರಿಪೀನಾ ಗ್ಯಾರೇಜಿನ ಮೇಜಿನ ಮೇಲಿದ್ದ ಎಣ್ಣೆಬಟ್ಟೆ ಬಿಚ್ಚಿದಳು. ಒಳಗೆ ಇರಬೇಕಿದ್ದ ಎಂಜಿನ್ನಿನ ಕಂಬಿ, ಕ್ಯಾಮ್‌ಶಾಫ್ಟ್, ಇರಲಿಲ್ಲ. ಅಷ್ಟೇ ಉದ್ದದ ಸಾಲಾಮಿಯೊಂದು, ಮಸಾಲೆ ಹಾಕಿ ಒಣಗಿಸಿದ ಮಾಂಸದ ಕೋಲು, ಹಾಯಾಗಿ ಮಲಗಿತ್ತು.

ಅವಳು ಕಿರುಚಿದ ರಭಸಕ್ಕೆ ನಮ್ಮೂರು ರೊಕ್ಕಗ್ರಿಲ್ಲೊದ ಪಾರಿವಾಳಗಳೆಲ್ಲ ಹಾರಿಹೋಗಿ ಸಮುದ್ರದಾಚೆ ಆಫ್ರಿಕಾದಲ್ಲಿ ಇಳಿದವು.

ಮಾರ್ಷಲ್ ರೊಸೊಲೀನೊ ಕಾಫಿ ಬಿಟ್ಟು ಓಡಿಬಂದ. ಸಿಸಿಲಿಯಲ್ಲೇ ಅಂಥ ಪೊಲೀಸ್ ಅಧಿಕಾರಿ ಇನ್ನೊಬ್ಬನಿಲ್ಲ. ಪಕ್ಕದೂರಿನಲ್ಲಿ ಯಾರಾದರೂ ಸುಳ್ಳು ಹೇಳಿದರೆ ಇಲ್ಲಿ ಇವನಿಗೆ ಸೀನು ಬರುತ್ತಿತ್ತು.

"ಏನಮ್ಮಾ ಹೋಗಿದ್ದು?"

"ಅಜ್ಜ ಕಡೆದ ಕ್ಯಾಮು, ಮಾರ್ಷಲ್ರೇ. ನಾಳೆ ಗುಡ್ಡದ ರೇಸು. ಇವತ್ತು ಎಂಜಿನ್ನಿಗೆ ಕೂರಿಸ್ಬೇಕಿತ್ತು!"

ಅವಳ ಹಿಂದೆ ಪುಟ್ಟ ಫಿಯೆಟ್ ಎಂಜಿನ್ ಬಿಚ್ಚಿಕೊಂಡು ನಿಂತಿತ್ತು. ಇಬ್ಬರು ಕೂತರೆ ಮೂರನೆಯವನ ನೆರಳಿಗೂ ಜಾಗವಿಲ್ಲದ ಕಾರು. ಪಕ್ಕದ ಸ್ಟೂಲಿನ ಮೇಲೆ ಚಿರೀನೊ ಅಜ್ಜ. ಅವನ ಕಿವಿ ಮುಕ್ಕಾಲು ಮುಚ್ಚಿತ್ತು. ಚಳಿಗಾಲದ ಹೊತ್ತಿಗೆ ಪೂರ್ತಿ ಮುಚ್ಚುತ್ತದೆ ಎಂದಿದ್ದರು ವೈದ್ಯರು. ಅಷ್ಟರೊಳಗೆ ತನ್ನ ಕೊನೆಯ ಕ್ಯಾಮ್ ಗುಡ್ಡ ಹತ್ತುವ ಸದ್ದನ್ನು ಒಮ್ಮೆ ಕೇಳಬೇಕು. ಅಜ್ಜನಿಗೆ ಉಳಿದಿದ್ದ ಆಸೆ ಅದೊಂದೇ.

"ಅಜ್ಜಾ! ಅಂಥದ್ದೇನಿದೆ ಅದರಲ್ಲಿ?" ಮಾರ್ಷಲ್ ಕೂಗಿ ಕೇಳಿದ.

"ಕೂಗ್ಬೇಡಪ್ಪಾ, ತುಟಿ ಕಾಣುತ್ತೆ. ಎಂಜಿನ್ನಿನ ಉಸಿರಿನ ಬಾಗಿಲು ತೆಗೆಯೋದು ಆ ಕಂಬಿ ಮೇಲಿನ ಉಬ್ಬು. ಕಂಪನಿ ಉಬ್ಬು ಸಾಧು. ನಂದು ಎತ್ತರ. ಬಾಗಿಲು ಜಾಸ್ತಿ ತೆಗೆದು ತಡವಾಗಿ ಮುಚ್ಚುತ್ತೆ. ಓಡುವಾಗ ಸಿಂಹ. ನಿಂತಾಗ ಮಾತ್ರ ಕೆಮ್ಮೋ ಮುದುಕ, ನನ್ನ ಹಾಗೇ."

"ಕದ್ದವನು ಸುಮ್ಮನೆ ಕೂರಿಸಿ ಓಡಿಸಬಹುದಾ?"

"ಹೊಸ ಕ್ಯಾಮ್ ಹಾಕಿ ಮೊದಲ ಸಲ ಎಂಜಿನ್ ಎಬ್ಬಿಸಿದಾಗ ಮೆಲ್ಲಗೆ ತಿರುಗೋಕೆ ಬಿಡಬಾರದು. ಒಂದೇ ಸ್ವರದಲ್ಲಿ ಜೋರಾಗಿ ಕೂಗಿಸ್ತಾನೇ ಇರ್ಬೇಕು. ಇಲ್ದಿದ್ರೆ ಉಬ್ಬು ಸವೆದೋಗುತ್ತೆ."

* * *

ಸಾಲಾಮಿ ಹಿಡಿದು ಮಾರ್ಷಲ್ ನೇರ ಕಟುಕ ನೆಲ್ಲೋನ ಅಂಗಡಿಗೆ ನುಗ್ಗಿದ. ನೆಲ್ಲೋ ಕೂಡ ರೇಸಿನವನೇ.

"ಇದು ನಿಂದೇ ತಾನೆ?"

"ನಂದೇ. ಊರೆಲ್ಲ ತಗೊಳ್ಳೋದು ನನ್ನತ್ರಾನೇ. ಆದ್ರೆ ನಾನೇ ಕಳ್ಳನಾಗಿದ್ರೆ ಇಷ್ಟು ಒಳ್ಳೇದನ್ನ ಬಿಟ್ಟು ಬರ್ತಿದ್ನಾ? ತಿಂದು ನೋಡಿ."

ಮಾರ್ಷಲ್ ಒಂದು ತುಂಡು ಕತ್ತರಿಸಿ ತಿಂದ. ಸೀನು ಬರಲಿಲ್ಲ. ನೆಲ್ಲೋ ನಿರಪರಾಧಿ.

* * *

ಮಧ್ಯಾಹ್ನ ಊಟದ ನಂತರ ವಿಧವೆ ನಿಂಫಾ ಠಾಣೆಗೆ ಬಂದಳು.

"ನಮ್ಮ ಓಣೀಲಿ ಯಾವನೋ ಕಾರು ಕೂಗಿಸ್ತಿದ್ದ, ಮಾರ್ಷಲ್ರೇ! ಶೆಡ್ಡಿನ ಬಾಗಿಲು ಹಾಕ್ಕೊಂಡು! ಸ್ವರ ಏರಲ್ಲ, ಇಳಿಯಲ್ಲ. ಹಗ್ಗದ ಮೇಲಿನ ಬಟ್ಟೆ ಅದುರಿ ಅದುರಿಯೇ ಒಣಗಿಹೋಯ್ತು!"

ಮಾರ್ಷಲ್ ಓಡಿದ. ಅಷ್ಟರಲ್ಲಿ ಸದ್ದು ನಿಂತಿತ್ತು. ಓಣಿಯ ತುಂಬ ರೇಸಿನವರ ಶೆಡ್ಡುಗಳು. ಎಲ್ಲಕ್ಕೂ ಬೀಗ. ಅವುಗಳ ಒಡೆಯರು ಕಾಫಿ ಅಂಗಡಿಯಲ್ಲಿ ಒಟ್ಟಿಗೆ ಗ್ರಾನೀತಾ ಐಸು ಚಪ್ಪರಿಸುತ್ತಿದ್ದರು.

"ನಮ್ಮ ಕಾರಲ್ಲಿರೋದು ಕಂಪನಿ ಕ್ಯಾಮೇ!" ಎಂದರು ಎಲ್ಲರೂ. ಔಷಧಿ ಅಂಗಡಿಯ ಡಾಕ್ಟರ್ ಫುಲ್ಜೆನ್ಸಿಯೊ ಎದೆ ಮುಟ್ಟಿಕೊಂಡು, "ನಾನು ನಂಬೋದು ಕೈಚಳಕಾನ ಸ್ವಾಮಿ," ಎಂದೂ ಸೇರಿಸಿದ.

ಮಾರ್ಷಲ್ ಸೀನಿದ. ಕಿಟಕಿಯ ಗಾಜು ಬಿರುಕುಬಿಟ್ಟಿತು. ಆದರೆ ಎಲ್ಲರೂ ಒಟ್ಟಿಗೆ ಮಾತಾಡಿದ್ದರಿಂದ ಸೀನು ಯಾರ ಲೆಕ್ಕದ್ದೆಂದು ತಿಳಿಯಲಿಲ್ಲ.

* * *

ಭಾನುವಾರ. ಗುಡ್ಡದ ಬುಡದಲ್ಲಿ ಕಾರುಗಳ ಸಾಲು. ಪಾದ್ರಿ ತೀರ್ಥ ಚಿಮುಕಿಸುತ್ತ ಬಂದರು. ಆಗ ಎಲ್ಲರೂ ಆಕ್ಸಿಲರೇಟರಿನಿಂದ ಕಾಲು ತೆಗೆದು ಎಂಜಿನ್ನನ್ನು ಮೆಲ್ಲಗೆ ತಿರುಗಲು ಬಿಡಬೇಕು. ಪ್ರಾರ್ಥನೆ ಕೇಳಿಸಬೇಕಲ್ಲ!

ಕಾರುಗಳೆಲ್ಲ ಬೆಕ್ಕಿನಂತೆ ಗುರುಗುಟ್ಟಿದವು. ಒಂದು ಮಾತ್ರ ಅರಚುತ್ತಲೇ ಇತ್ತು.

"ಡಾಕ್ಟ್ರೇ, ದೇವರಿಗೇ ಕೇಳಿಸ್ತಿಲ್ಲ!" ಎಂದರು ಪಾದ್ರಿ.

"ಎಂಜಿನ್ ತಣ್ಣಗಿದೆ ಪಾದ್ರಿಗಳೇ, ಕಾಲು ತೆಗೆದ್ರೆ ನಿಂತೋಗುತ್ತೆ," ಎಂದ ಫುಲ್ಜೆನ್ಸಿಯೊ.

ಮಾರ್ಷಲ್ ಕಿಟಕಿಗೆ ತಲೆ ತೂರಿಸಿದ. ಸೀನು ಎಷ್ಟು ಜೋರಾಗಿ ಬಂತೆಂದರೆ ಡಾಕ್ಟರನ ಹೆಲ್ಮೆಟ್ಟು ಹಿಂದುಮುಂದಾಯಿತು.

"ಕಂಪನಿ ಕ್ಯಾಮ್ ಯಾಕ್ರೀ ನಿಲ್ಲುತ್ತೆ? ತೆಗೀರಿ ಕಾಲು."

ಕಾಲು ಮೇಲಕ್ಕೆ ಬಂತು. ಕಾರು ಕೆಮ್ಮಿತು. ಕುಂಟಿತು. ಮೈಯೆಲ್ಲ ನಡುಗಿತು. ಚಿರೀನೊ ಅಜ್ಜ ಬಂದು ಹಿಂಬದಿಯ ಎಂಜಿನ್ ಮುಚ್ಚಳದ ಮೇಲೆ ಅಂಗೈ ಇಟ್ಟು ಕಣ್ಣುಮುಚ್ಚಿದ.

"ನನ್ನ ಮಗು," ಎಂದ.

ಮಾರ್ಷಲ್ ಎದೆ ಉಬ್ಬಿಸಿದ. "ನಿನ್ನೆ ಓಣೀಲಿ ಏರದೆ ಇಳಿಯದೆ ಕೂಗಿದ್ದು ಹೊಸ ಕ್ಯಾಮು. ಅಂದ್ರೆ ಕಳ್ಳ ಆ ಓಣಿಯವನು. ಅದು ನಿಂತಾಗ ಕೆಮ್ಮುತ್ತೆ ಅಂತ ಅಜ್ಜ ಹೇಳಿದ್ರು. ಅದನ್ನ ಮುಚ್ಚಿಡೋಕೆ ದೇವರ ಮುಂದೂ ಕಾಲು ತೆಗೀದೆ ಕೂತವರು ನೀವೊಬ್ರೇ. ಸಾಲಾಮಿ ಇಟ್ಟಿದ್ದು ನೆಲ್ಲೋ ಮೇಲೆ ಅನುಮಾನ ಬರ್ಲಿ ಅಂತ."

"ಎಷ್ಟು ವರ್ಷ ಬೇಡಿದೆ, ನಂಗೂ ಒಂದು ಕಡೆದುಕೊಡಿ ಅಂತ!" ಫುಲ್ಜೆನ್ಸಿಯೊ ಅಜ್ಜನ ಕಡೆ ತಿರುಗಿ ಅಳುವಂತಾದ. "ಪ್ರತಿಸಲ ಕಿವಿ ಕೇಳಲ್ಲ ಅಂತ ನಾಟಕ ಆಡಿದ್ರಿ!"

"ಏನಂದೆ?" ಎಂದ ಅಜ್ಜ.

ಅಗ್ರಿಪೀನಾ ಕಾರಿನ ಬಾಗಿಲು ತೆರೆದಳು. "ಇಳೀರಿ ಡಾಕ್ಟ್ರೇ. ಕೂರಿಸೋ ಕೆಲಸ ಚೆನ್ನಾಗೇ ಮಾಡಿದ್ದೀರಿ. ಓಡಿಸೋದು ನಾನು."

ಸ್ಪರ್ಧೆಯ ಅಧಿಕಾರಿ ನಿಯಮ ಹೇಳಲು ಬಾಯಿ ತೆರೆದ. ಮಾರ್ಷಲ್ ಆ ಬಾಯಿಗೆ ಉಳಿದ ಸಾಲಾಮಿಯನ್ನು ತುರುಕಿದ. ಪ್ರಕರಣದ ಸಾಕ್ಷ್ಯ ಅಲ್ಲಿಗೆ ಮುಗಿಯಿತು. ಕಳ್ಳನಿಗೆ ಅಜ್ಜನ ತಲೆಯ ಮೇಲೆ ಕೊಡೆ ಹಿಡಿಯುವ ಶಿಕ್ಷೆಯಾಯಿತು.

ರೇಸು ಶುರುವಿನ ಬಾವುಟ ಇಳಿಯಿತು. ಕಾರು ಹೊರಟಿತು. ಮೊದಲ ತಿರುವಿನಲ್ಲಿ ಅದು ಹಾಕಿದ ಕೂಗಿಗೆ ನಿಂಬೆಮರಗಳ ಹಣ್ಣುಗಳೆಲ್ಲ ಉದುರಿದವು. ಎಟ್ನಾ ಪರ್ವತ ಹೊಗೆಯುಗುಳುವುದನ್ನೇ ಮರೆಯಿತು.

"ಅಬ್ಬಬ್ಬಾ! ಮೆಲ್ಲಗೆ ಹೋಗು ಅನ್ರೋ ಅವಳಿಗೆ!" ಅಜ್ಜ ಬೈಯತೊಡಗಿದ. "ಇರೋ ಕಿವೀನೂ ಹೋಗುತ್ತೆ!"

ಬೈಯುತ್ತಲೇ ಎರಡೂ ಕೈಗಳನ್ನು ಕಿವಿಗಳ ಹಿಂದೆ ಮೊರದಗಲ ಹಿಡಿದು, ಗುಡ್ಡದ ಕಡೆಗೆ ವಾಲಿಕೊಂಡು ನಿಂತಿದ್ದ.