ಓದುವವಳ ಪಾಲಿನ ಬೀಡಿ

ಕಾರ್ತ್ಯಾಯಿನಿ ತನ್ನ ಮೊರ ಎತ್ತಿಕೊಂಡು ಕೊನೆಯ ಸಾಲಿಗೆ ಹೋಗಿ ಕುಳಿತ ಮಧ್ಯಾಹ್ನ, ಪವಿತ್ರನ್ ಓದಿದ ಸಾಲನ್ನೇ ಮತ್ತೊಮ್ಮೆ ಓದಿದ.

ಕಣ್ಣೂರಿನ ಆ ಬೀಡಿ ಶೆಡ್ಡಿನಲ್ಲಿ ಬೆಳಿಗ್ಗೆ ಪತ್ರಿಕೆ, ಊಟವಾದ ಮೇಲೆ ಕಾದಂಬರಿ. ಎಲ್ಲರೂ ಬೀಡಿ ಸುತ್ತುವಾಗ ಒಬ್ಬರು ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಓದಬೇಕು. ಅವರ ಪಾಲಿನ ಬೀಡಿಯನ್ನು ಉಳಿದವರು ಸುತ್ತಿಕೊಡಬೇಕು. ಕೆಲವು ವರ್ಷಗಳಿಂದ ಓದುವವನು ಪವಿತ್ರನ್.

"ಮಾಷೇ, ಕಥೇಲಿ ಆ ಹುಡುಗಿ ಹೊಳೆ ದಾಟಿ ಆಯ್ತಲ್ಲ, ಮತ್ಯಾಕೆ ದೋಣಿ ಹತ್ತಿಸ್ತೀಯ?" ಎಂದ, ಓದುವವನನ್ನು ಮೇಷ್ಟ್ರೆಂದೇ ಕರೆಯುವ ಮುದುಕ ನಾಣು.

ಶೆಡ್ಡೆಲ್ಲ ನಕ್ಕಿತು. ಕಾರ್ತ್ಯಾಯಿನಿ ತಲೆ ತಗ್ಗಿಸಿ ಎಲೆ ಕತ್ತರಿಸಿದಳು.

ಸಂಜೆ ಪವಿತ್ರನ್ ಗೇಟಿನ ಬಳಿ ಕಾದಿದ್ದ. "ಅವತ್ತು ನಾನು ಅಂದಿದ್ದಕ್ಕೆ ಸಿಟ್ಟಾ, ಕಾರ್ತೂ?"

ಅವತ್ತು ಎಂದರೆ, ವಾಚನಾಲಯದ ಸ್ಪರ್ಧೆಗೆಂದು ತಾನು ಬರೆದ ಕಥೆಯನ್ನು ಅವಳು ತೋರಿಸಿದ ದಿನ. ಓದಿ ಅವನು ನಕ್ಕುಬಿಟ್ಟಿದ್ದ. "ಇದು ನೀನು ಬರೆದದ್ದಲ್ಲ, ನಾನು ಓದಿದ್ದು! ನೋಡು, ನಾನು ಉಸಿರು ತಗೊಳ್ಳೋ ಜಾಗದಲ್ಲೇ ನಿನ್ನ ವಾಕ್ಯ ನಿಲ್ಲುತ್ತೆ. ದಿನಾ ಸ್ವಲ್ಪ ನೀನೇ ಓದು. ಕಿವಿಯಿಂದಲ್ಲ, ಕಣ್ಣಿಂದ."

ಮಾತು ನಿಜವೇ. ಶಾಲೆ ಬಿಟ್ಟ ಮೇಲೆ ಅವಳಿಗೆ ಕಾದಂಬರಿ ಎಂದರೆ ಅವನ ಗಂಟಲು. ಈಗ ಮುಂಜಾನೆ ಒಲೆಯ ಮುಂದೆ ಪುಸ್ತಕ ತೆರೆದರೂ ಸಾಲುಸಾಲಿನಲ್ಲಿ ಅವನದೇ ದನಿ. ದುಃಖದ ಕಡೆ ಅವನ ಸಣ್ಣ ಕೆಮ್ಮು. ನಾಯಕಿ ಬಂದಾಗ ಪುಟದ ಮೇಲಿಂದ ತನ್ನ ಕಡೆಗೇ ಎದ್ದು, ಥಟ್ಟನೆ ಇಳಿಯುವ ಅವನ ಕಣ್ಣು. ಪುಟ ಮಗುಚುತ್ತಿರಲಿಲ್ಲ.

"ಓದ್ತಿದ್ದೀಯೋ, ಕನಸು ಕಾಣ್ತಿದ್ದೀಯೋ? ಗಂಜಿಯೆಲ್ಲ ಒಲೆಗೆ ಕುಡಿಸ್ತಿದ್ದೀಯಲ್ಲೇ!" ಎನ್ನುತ್ತಿದ್ದಳು ಅಮ್ಮ.

"ಸಿಟ್ಟಲ್ಲ, ಪವಿತ್ರೇಟ್ಟಾ," ಎಂದಳು ಗೇಟಿನ ಬಳಿ ನಿಂತ ಕಾರ್ತ್ಯಾಯಿನಿ. "ನಿಮ್ಮ ಹತ್ತಿರ ಕೂತರೆ ನನಗೆ ಬರೆಯೋಕಾಗಲ್ಲ."

ದೂರ ಕೂತರೆ ಕೂರುವುದಕ್ಕೇ ಆಗುವುದಿಲ್ಲ ಎಂಬ ಉಳಿದರ್ಧ ಹೊರಗೆ ಬರಲಿಲ್ಲ. ಅವನ ಮುಖ ಬಾಡಿತು. ಸೈಕಲ್ ಹತ್ತಿದ.

ಆಮೇಲೆ ಅವನು ಪುಟದಿಂದ ಕಣ್ಣೆತ್ತಲಿಲ್ಲ. ಅವಳು ಮುಂಜಾನೆಯ ಓದು ಬಿಡಲಿಲ್ಲ. ಹಟದಿಂದ ಶುರುವಾದದ್ದು ಹಸಿವಿನ ಹಾಗಾಯಿತು. ಒಂದು ಬೆಳಿಗ್ಗೆ ನೋಡುತ್ತಾಳೆ, ಪುಸ್ತಕದೊಳಗೆ ಕೆಮ್ಮಿಲ್ಲ. ಅಲ್ಲಿರುವುದು ಅವಳದೇ ದನಿ. ಖುಷಿಪಡಬೇಕಿತ್ತು, ಅವನು ಹೇಳದೆ ಊರು ಬಿಟ್ಟ ಹಾಗೆ ಅಳು ಬಂತು.

ಅಳುತ್ತಲೇ ಹೊಸ ಕಥೆ ಬರೆದಳು. ಹಗಲೆಲ್ಲ ತೆಂಗಿನ ನಾರು ಬಡಿಯುವ ಅಮ್ಮನ ಕಥೆ.

"ಮೊದಲು ನಮ್ಮ ಕಿವಿಗೆ, ಆಮೇಲೆ ವಾಚನಾಲಯಕ್ಕೆ," ಎಂದು ಶೆಡ್ಡಿನಲ್ಲಿ ನಾಣು ಅವಳ ಹಾಳೆಗಳನ್ನು ಕಸಿದು ಪವಿತ್ರನ್ ಕೈಗಿಟ್ಟ.

ಪವಿತ್ರನ್ ಓದತೊಡಗಿದ. ಮೂರನೆಯ ಸಾಲಿಗೇ ಉಸಿರು ಸಾಲಲಿಲ್ಲ. ಹಿಂದೆ ಹೋಗಿ ಮತ್ತೆ ಹತ್ತಿದ, ಮತ್ತೆ ಮುಗ್ಗರಿಸಿದ. ಕಾರ್ತ್ಯಾಯಿನಿಯ ಬೆರಳಲ್ಲಿ ಬೀಡಿ ಕಟ್ಟುವ ದಾರ ತುಂಡಾಯಿತು.

ಅವನು ಮೆಲ್ಲಗೆ ತಲೆಯೆತ್ತಿದ. ಎಷ್ಟೋ ದಿನದ ಮೇಲೆ ಆ ಕಣ್ಣು ಅವಳು ಕೂತ ಕೊನೆಯ ಸಾಲಿನವರೆಗೆ ಬಂತು.

"ಇದು ನನ್ನ ಉಸಿರಿಗೆ ಸಿಗ್ತಿಲ್ಲ. ನಿನ್ನದೇ ಇದು. ನೀನೇ ಓದು."

"ನನ್ನ ಪಾಲು ಯಾರು ಸುತ್ತುತ್ತಾರೆ?"

ಅವನು ಸ್ಟೂಲಿನಿಂದಿಳಿದು ಬಂದು, ಅವಳ ಜಾಗದಲ್ಲಿ ಕೂತು, ಅವಳ ಮೊರವನ್ನು ತೊಡೆಯ ಮೇಲಿಟ್ಟುಕೊಂಡ. ಸುತ್ತಿದ ಮೊದಲ ಬೀಡಿ ಹೊಟ್ಟೆ ಬಿರಿದು ಹೊಗೆಸೊಪ್ಪು ಚೆಲ್ಲಿತು.

"ಇದೇನಪ್ಪಾ, ಬೀಡಿಯೋ, ಕಡಲೆಕಾಯಿ ಪೊಟ್ಟಣವೋ?" ಎಂದ ನಾಣು.

"ಕಲೀತೀನಿ," ಎಂದ ಪವಿತ್ರನ್, ನೋಟ ಮಾತ್ರ ಕಾರ್ತ್ಯಾಯಿನಿಯ ಮೇಲೆ. "ದಿನಾ ಇವಳ ಪಾಲು ಸುತ್ತೋಕೆ ಬಿಟ್ಟರೆ."

ಹಾಳೆ ತೆಗೆದುಕೊಳ್ಳಲು ಬಗ್ಗಿದವಳು ಅವತ್ತು ಗೇಟಿನ ಬಳಿ ಹೇಳದೆ ಬಿಟ್ಟ ಉಳಿದರ್ಧವನ್ನು ಅವನಿಗಷ್ಟೇ ಕೇಳುವಂತೆ ಹೇಳಿದಳು. ಅವನ ಕೈಯಿಂದ ಕತ್ತರಿ ಜಾರಿತು.

ಅವಳು ಸ್ಟೂಲು ಹತ್ತಿ ಓದಿದಳು. ಉಸಿರಿಗೆಂದು ಅವಳು ನಿಂತ ಕಡೆಯೆಲ್ಲ, ಕೊನೆಯ ಸಾಲಿನಲ್ಲಿ ಬೀಡಿ ಸುತ್ತುತ್ತಿದ್ದ ಅವನ ಕೈಯೂ ನಿಂತಿತು.