ಮೂರನೇ ಕೊಠಡಿಯ ಪಾಠದ ಕಟ್ಟೆ

"ಆ ಕಟ್ಟೆ ಹತ್ತಬೇಡಿ ಮೇಡಂ. ಕೆಳಗೆ ನಿಂತೇ ಪಾಠ ಮಾಡಿ."

ಮೂರನೇ ಕೊಠಡಿಯ ಬೀಗ ತೆಗೆಯುತ್ತಾ ಅಟೆಂಡರ್ ಅಮ್ಮ ಹೇಳಿದ್ದು ಇಷ್ಟೇ. ಕೆಲಸಕ್ಕೆ ಸೇರಿ ಎರಡು ದಿನವಾಗಿದ್ದ ಹೊಸ ಮೇಡಂ ಕೆದಕಿದ ಮೇಲೆ ಉಳಿದದ್ದು ಹೊರಬಂತು. ಈ ಸರ್ಕಾರಿ ಕಾಲೇಜಿನಲ್ಲಿ ಒಬ್ಬಾಕೆ ಒಂಬತ್ತು ವರ್ಷ ಅತಿಥಿ ಉಪನ್ಯಾಸಕಿಯಾಗಿ ಗೇಯ್ದಿದ್ದಳಂತೆ. ಹುದ್ದೆ ಕಾಯಂ ಆಗುವ ಹೊತ್ತಿಗೆ ವಿಭಾಗದ ಮುಖ್ಯಸ್ಥರ ಗುಂಪು ತಮ್ಮವನೊಬ್ಬನನ್ನು ತಂದು ಕೂರಿಸಿತು. ಹೋಗುವ ದಿನ ಆಕೆ ಕಟ್ಟೆಯ ಹಲಗೆಯಡಿ ಏನನ್ನೋ ಹುದುಗಿಸಿ, ಶಿಫಾರಸಿನಿಂದ ಬಂದವರ ಬಾಯಿ ಇಲ್ಲಿ ಕಟ್ಟಿಹೋಗಲಿ ಅಂದಳಂತೆ. ಆಮೇಲೆ ಬಂದ ಇಬ್ಬರೂ ತಿಂಗಳೊಳಗೆ ಕೆಲಸ ಬಿಟ್ಟಿದ್ದರು.

ಹೊಸ ಮೇಡಂಗೆ ನಗು ಬಂತು. "ಹಾಗಾದ್ರೆ ನನಗೇನು ಭಯ? ನಾನು ಯಾರ ಕಡೆಯವಳೂ ಅಲ್ಲ."

ಅದು ಅವಳ ಹಳೆಯ ಸಂಕಟವೇ ಆಗಿತ್ತು. ಐದು ಸಂದರ್ಶನ, ಐದು ಸಲವೂ ಮೊದಲ ರ್‍ಯಾಂಕಿನ ಪತ್ರವನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಯಾರ ಪೈಕಿ, ಯಾರ ಶಿಷ್ಯೆ ಎಂದಷ್ಟೇ ಕೇಳಿದ್ದರು. ಆರನೆಯದರಲ್ಲಿ ಗೆದ್ದಾಗ, ಸ್ವಂತ ಬಲದಿಂದ ಬಂದೆ ಎಂದು ಬೀಗಿದ್ದಳು.

ಪಾಠದ ಚಿತ್ರ ತೋರಿಸಲೆಂದು ವಿದ್ಯಾರ್ಥಿಗಳು ಕಿಟಕಿಗಳಿಗೆ ಕಪ್ಪು ಪರದೆ ಎಳೆದರು. ಹಗಲೇ ಕತ್ತಲಾಯಿತು. ಅವಳು ಕಟ್ಟೆ ಹತ್ತಿದಳು. ಹಲಗೆ ನರಳಿತು. ಕೂದಲು ಸುಟ್ಟ ವಾಸನೆ. ಮೊದಲ ವಾಕ್ಯ ಬಂತು. ಎರಡನೆಯದು ಅರ್ಧಕ್ಕೇ ನಿಂತಿತು. ನಾಲಿಗೆಯ ಮೇಲೆ ಏನೋ ಹಿಟ್ಟಿನಂಥದ್ದು. ಕೂಗಿದಳು. ಸದ್ದಿಲ್ಲ. ಹಲಗೆಯಡಿ ಯಾರೋ ಸೀಮೆಸುಣ್ಣ ಗೀಚುವ ಕಿರ್‍ರೆಂಬ ಸದ್ದು. ಅದು ಅವಳಿಗೊಬ್ಬಳಿಗೇ ಕೇಳುತ್ತಿತ್ತು. ಕೆಮ್ಮಿದಳು. ಅಂಗೈಗೆ ಬಿಳಿ ಪುಡಿ ಬಿತ್ತು.

ಮನೆಗೆ ಬಂದರೂ ದನಿ ಮರಳಲಿಲ್ಲ. ಗಂಟಲಲ್ಲಿ ಏನೂ ಇಲ್ಲವೆಂದರು ವೈದ್ಯರು. ನಾಲ್ಕನೇ ದಿನ ಕಾಗದದ ಮೇಲೆ ಮಾಟದ ಕತೆಯನ್ನೆಲ್ಲ ಬರೆದು ಅಣ್ಣನ ಮುಂದೆ ಹಿಡಿದಳು. ಅಧ್ಯಾಪಕರ ಸಂಘದಲ್ಲಿ ಓಡಾಡುವ ಅಣ್ಣ ಅದನ್ನು ಓದಿ ತಲೆ ತಗ್ಗಿಸಿದ.

"ಐದು ಸಲ ನೀನು ಅತ್ತಿದ್ದು ನೋಡಿದ್ದೆ ಕಣೇ. ಆರನೇ ಸಲ ತಡ್ಕೊಳ್ಳೋಕಾಗ್ಲಿಲ್ಲ. ಮುಖ್ಯಸ್ಥರು ನಮ್ಮ ಗುಂಪಿನವರೇ ಅಲ್ವಾ, ಒಂದು ಮಾತು ಹೇಳ್ದೆ."

ಅವಳಿಗೆ ಅಣ್ಣನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಆ ಒಂದು ಮಾತಿಲ್ಲದೆಯೂ ಕೆಲಸ ಸಿಗುತ್ತಿತ್ತೋ ಇಲ್ಲವೋ, ಇನ್ನು ಯಾವತ್ತೂ ತಿಳಿಯುವಂತಿರಲಿಲ್ಲ.

ಅಟೆಂಡರ್ ಅಮ್ಮ ಕೊಟ್ಟ ವಿಳಾಸ ಹುಡುಕಿ ಆ ಉಪನ್ಯಾಸಕಿಯ ಮನೆಗೆ ಹೋದಳು. ಬಾಗಿಲು ತೆರೆದಾಕೆ ಅವಳ ತುಟಿಯಂಚಿನ ಬಿಳಿ ಪುಡಿ ನೋಡಿ, ಮಾತಾಡದೆ ನೋಟ್‌ಬುಕ್ಕು ತಂದಳು. ಇಬ್ಬರೂ ಎದುರುಬದುರು ಕೂತು ಬರೆದರು. ಕೊನೆಗೆ ಆಕೆ ಬರೆದದ್ದು ಇಷ್ಟು:

'ಮಾಟಕ್ಕೆ ಬಲಿಯಾಗಿ ನನ್ನ ದನಿಯನ್ನೇ ಮೊದಲು ಕೊಟ್ಟೆ. ಅದು ವಾಪಸ್ ಬರಲ್ಲ. ಕುರ್ಚಿ ಬಿಡು, ನಿನ್ನದು ಬರುತ್ತೆ.'

ಮರುದಿನ ಹೊಸ ಮೇಡಂ ರಾಜೀನಾಮೆಗೆ ಸಹಿ ಹಾಕಿದಳು. ಪೆನ್ನು ಮುಚ್ಚುವಷ್ಟರಲ್ಲಿ ಕೆಮ್ಮು ಬಂತು, ಕೆಮ್ಮಿನ ಹಿಂದೆಯೇ ದನಿ ಬಂತು. ಮುಖ್ಯಸ್ಥರು ಯಾಕೆಂದು ಕೇಳಲೂ ಇಲ್ಲ. ಅರ್ಜಿಯನ್ನು ಪೇಪರ್‌ವೇಟಿನ ಕೆಳಗಿಟ್ಟು ಅಳಿಯನಿಗೆ ಫೋನು ಹಚ್ಚಿದರು.

ಆರು ತಿಂಗಳಾದ ಮೇಲೆ, ಅವಳು ಮನೆಪಾಠ ಮುಗಿಸಿ ಬರುತ್ತಿದ್ದಾಗ ಮಾರುಕಟ್ಟೆಯಲ್ಲಿ ಅಟೆಂಡರ್ ಅಮ್ಮ ಸಿಕ್ಕಳು. ತನ್ನ ಜಾಗಕ್ಕೆ ಬಂದಿದ್ದ ಮುಖ್ಯಸ್ಥರ ಅಳಿಯನಿಗೆ ಏನಾಯಿತೆಂದು ಅಳುಕುತ್ತಲೇ ಕೇಳಿದಳು.

"ಅವರಿಗೇನಾಗುತ್ತೆ ಮೇಡಂ? ಗುಂಡುಕಲ್ಲಿನ ಹಾಗಿದಾರೆ. ಬರ್ತಾರೆ, ಹಾಜರಿ ಹಾಕ್ತಾರೆ, ಹೋಗ್ತಾರೆ. ಇವತ್ತಿನ ತನಕ ಒಂದು ಕ್ಲಾಸೂ ತಗೊಂಡಿಲ್ಲ."