ಚರಗಕ್ಕೆ ಓಗೊಟ್ಟವಳು

“ವಿಲಾಯತಿಯೊಳಗ ಹಬ್ಬದ ದಿವಸ ಬಾಗಲಾ ಮ್ಯಾಲ ಒಂದು ಹಸರು ಟೊಂಗಿ ಕಟ್ತಾರ. ಅದರ ಕೆಳಗ ಗಂಡು ಹೆಣ್ಣು ಜೋಡಿಲೆ ನಿಂತ್ರ...” ಎಂದು ಅಂಬರಾಯ ಶುರು ಮಾಡಿದ.

“ನಿಂತ್ರ?” ಸಜ್ಜೆ ಹಿಟ್ಟಿನ ಕಡಬು ಕಟ್ಟುತ್ತಿದ್ದ ಹೀರಾಬಾಯಿಯ ಕೈ ನಿಂತಿತು.

“ನಿಂತ್ರ ಭಾಳ ಚೊಲೋ ಆಗ್ತದಂತ.”

ಏಳು ಸಮುದ್ರ ತಿರುಗಿ ಬಂದವನ ಕಿವಿ ಕೆಂಪಗಾದದ್ದನ್ನು ಅವಳು ಓರೆಗಣ್ಣಿನಲ್ಲಿ ನೋಡಿದಳು. ಮುತ್ತು ಕೊಡುತ್ತಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

“ನೀನೂ ನಿಂತಿದ್ದಿ, ಹೌದಿಲ್ಲೊ?”

ಅವನು ಒಲೆಯ ಕಟ್ಟಿಗೆ ಮುಂದಕ್ಕೆ ತಳ್ಳತೊಡಗಿದ. ಅದೇ ಒಪ್ಪಿಗೆ ಎಂದುಕೊಂಡ ಹೀರಾ ಕೈಯಲ್ಲಿದ್ದ ಕಡಬನ್ನು ಹಿಚುಕಿ ಹಾಕಿದಳು. ಪಾಪ, ಕಡಬಿನದೇನು ತಪ್ಪು!

ಅಂಬರಾಯ ಮಳಖೇಡದಲ್ಲಿ ಕಾಗಿಣಾ ನದಿಗೆ ಹರಿಗೋಲು ಹಾಕುವವರ ಮನೆಯವನು. ಮುಂಬಯಿಗೆ ಹೋಗಿ ಹಡಗಿನ ಖಲಾಸಿಯಾದ. ಪೊಲೀಸ್ ಆ್ಯಕ್ಷನ್ ಆಗಿ ಎರಡು ವರ್ಷದ ಮೇಲೆ ಈಗ ಊರಿಗೆ ಬಂದಿದ್ದಾನೆ. ಇವತ್ತು ಎಳ್ಳಮವಾಸ್ಯೆ, ನಾಳೆ ವಾಡಿಯಲ್ಲಿ ಮುಂಬಯಿ ರೈಲು ಹತ್ತುತ್ತಾನೆ. ಅವನು ಅತ್ತ ಹೋದರೆ ಇತ್ತ ಚಿತ್ತಾಪುರದವರು ಹೀರಾಳನ್ನು ನೋಡಲು ಬರುತ್ತಾರೆ. ಸೋದರತ್ತೆಯ ಮಗಳನ್ನು ಬಾಯಿ ಬಿಟ್ಟು ಕೇಳದವನ ದಾರಿಯನ್ನು ಹೀರಾಳ ತಾಯಿ ಭೀಮಮ್ಮ ಎಷ್ಟಂತ ಕಾದಾಳು? ಕೇಳಬೇಕಾದ ಮಹಾರಾಯ ದೇಶದೇಶದ ಹಬ್ಬದ ವರ್ಣನೆಯಲ್ಲಿ ಮುಳುಗಿದ್ದ.

ಹೊಲದ ದಾರಿಯಲ್ಲೂ ಅದೇ ಮಾತು. ಬುತ್ತಿ ಹೊತ್ತ ಹೀರಾ ಬಿರಬಿರನೆ ಮುಂದೆ, ಅವನು ಹಿಂದೆ.

“ಇಟಲಿಯ ಒಂದು ಊರಾಗ ಹೊಸ ವರ್ಷಕ್ಕ ಹಳೇ ಗಡಗಿ, ತಾಟು ಕಿಟಕಿಲಿಂದ ಒಗಿತಾರ.”

“ಬುದ್ಧಿ ಕಡಿಮಿ ಇರಬೇಕು.”

“ಜಪಾನಿನಾಗ ಹಿರೇರ ಹೆಸರೀಲೆ ಹೊಳ್ಯಾಗ ದೀಪ ಬಿಡ್ತಾರ.”

“ಅದನ್ನ ನೋಡ್ಲಿಕ್ಕೆ ಜಪಾನ್ ತನಕ ಹೋಗಿದ್ಯಾ? ನಮ್ಮ ಹೊಳ್ಯಾಗ ಬಿಡಲ್ಲೇನು?”

“ನನ್ನ ಜೋಡಿ ಪೋಲೆಂಡಿನವನೊಬ್ಬ ಇದ್ದ. ಅವರ ಹಬ್ಬದಾಗ ಒಂದು ತಾಟು ಜಾಸ್ತಿ ಇಡ್ತಾರಂತ. ಯಾರರೆ ಬಂದ್ರ ಇರ್ಲಿ ಅಂತ.”

ಹೀರಾಳ ಹೆಜ್ಜೆ ನಿಧಾನವಾಯಿತು.

“ಅದು ನಮ್ಮನ್ಯಾಗೂ ಅದ. ರಜಾಕಾರರ ಗದ್ದಲದ ವರ್ಷ ಹೊಲಕ್ಕ ಹೋಗ್ಲಿಕ್ಕಾಗ್ಲಿಲ್ಲ, ಅಂಗಳದಾಗೇ ಹಬ್ಬ ಮಾಡಿದ್ವಿ. ಅವತ್ತೂ ನಿನ್ನ ಹೆಸರೀಲೆ ಕಡಬು ತೆಗೆದಿಟ್ಟಿದ್ದೆ.”

“ಯಾರು ತಿಂದ್ರು?”

“ನಾನೇ. ಸಿಟ್ಟಿಗೆ.”

ಅವನು ನಗಲಿಲ್ಲ. “ಹೀರಾ, ಆ ಟೊಂಗಿ ಕೆಳಗ ನಾ ನಿಂತಿಲ್ಲ. ಓಣ್ಯಾಗ ನಿಂತು ಕಿಟಕಿಲಿಂದ ನೋಡೀನಿ. ಎಲ್ಲಾ ದೇಶದ ಹಬ್ಬಾನೂ ಹಂಗೇ ಹೊರಗ ನಿಂತು ನೋಡೀನಿ.”

ಅವಳ ಸಿಟ್ಟು ಅಲ್ಲೇ ಕರಗಿತು. ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಹೊಲ ಬಂದಿತ್ತು.

ಎರಡೂ ಮನೆಯವರ ಹೊಲ ಅಕ್ಕಪಕ್ಕ, ನಡುವೆ ಒಂದು ಬದು. ಎಳ್ಳಮವಾಸ್ಯೆಯ ದಿನ ಭೂಮಿತಾಯಿ ಉಂಡ ಮೇಲೆಯೇ ಮಕ್ಕಳು ಉಣ್ಣಬೇಕು. ಒಬ್ಬರು ಮುಂದೆ ಭಜ್ಜಿ, ಕಡಬಿನ ಎಡೆಯನ್ನು ಚರಗವಾಗಿ ಹೊಲಕ್ಕೆ ಚೆಲ್ಲುತ್ತ “ಹುಲ್ಲುಲ್ಲಿಗ್ಯೋ” ಎಂದು ಕೂಗಬೇಕು. ನೀರಿನ ತಂಬಿಗೆ ಹಿಡಿದು ಹಿಂದೆ ಬರುವವರು ಅದರ ಮೇಲೆ ನೀರು ಹನಿಸುತ್ತ “ಚೆಲ್ಲಂ ಪೋಲಿಗ್ಯೋ” ಎಂದು ಓಗೊಡಬೇಕು. ಓಗೊಡುವವರು ಆ ಮನೆಯವರೇ ಆಗಬೇಕೆಂಬುದು ಅವರ ಪದ್ಧತಿ. ಅಂಬರಾಯನ ತಾಯಿ ತೀರಿಕೊಂಡಿದ್ದಳು. ತಂದೆ ಸಾಬಣ್ಣ ಮೊಣಕಾಲು ನೋವಿನಿಂದ ಬನ್ನಿ ಗಿಡದ ಕೆಳಗೆ ಕೂತಿದ್ದ. ಪದ್ಧತಿ ಮರೆತ ಖಲಾಸಿ ತಂಬಿಗೆಯನ್ನು ಗಿಡದ ಬುಡದಲ್ಲೇ ಬಿಟ್ಟು, ಒಬ್ಬನೇ ಜೋಳದ ಸಾಲಿಗೆ ಇಳಿದ.

“ಹುಲ್ಲುಲ್ಲಿಗ್ಯೋ...”

ಯಾರೂ ಓಗೊಡಲಿಲ್ಲ. ಆಗ ಅವನಿಗೆ ನೆನಪಾಗಿರಬೇಕು. ಎರಡನೇ ಸಲ ಕೂಗಿದಾಗ ದನಿ ಒಡೆಯಿತು.

“ಚೆಲ್ಲಂ ಪೋಲಿಗ್ಯೋ!”

ಬದುವಿನ ಈಚೆಯಿಂದ ಓಗೊಟ್ಟದ್ದು ತನ್ನದೇ ಬಾಯಿ ಎಂದು ಹೀರಾಬಾಯಿಗೆ ತಿಳಿದದ್ದು, ಸುತ್ತಲಿನ ಹೊಲದ ಹೆಂಗಸರೆಲ್ಲ ತಿರುಗಿ ನೋಡಿದಾಗ. ಆಡಿದ ಮಾತು, ಒಡೆದ ಮುತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಾಬಣ್ಣ ಗಿಡದ ಕೆಳಗಿಂದ ನಕ್ಕ. “ಓಗೊಟ್ಟಾಯ್ತಲ್ಲ ತಂಗೀ, ಇನ್ನ ತಂಬಗಿ ಯಾರು ಹಿಡೀಬೇಕು?”

ಹೀರಾ ತಾಯಿಯ ಮುಖ ನೋಡಿದಳು. ಭೀಮಮ್ಮ ಕಣ್ಣೊರೆಸಿಕೊಂಡು ಗದರಿದಳು: “ನನ್ನ ಮಾರಿ ಏನು ನೋಡ್ಲಿಕತ್ತಿ? ಭೂಮ್ತಾಯಿ ಹಸಗೊಂಡು ಕುಂತಾಳ. ನಡಿ!”

ಅವಳು ಬದು ದಾಟಿದಳು. ತಂಬಿಗೆ ಎತ್ತಿಕೊಂಡು ಅವನ ಹಿಂದೆ ನಿಂತಳು. ಅವನಿಗೆ ತಿರುಗಿ ನೋಡುವ ಧೈರ್ಯವಿರಲಿಲ್ಲ.

“ಹೀರಾ, ನಮ್ಮನಿಗಿ ಬರ್ತೀಯೇನು?”

“ಮುಂಬಯಿ ರೈಲು?”

“ಅದು ನನ್ನ ಬಿಟ್ಟೂ ಹೋಗ್ತದ. ನಾ ಇಲ್ಲೇ ಹರಗೋಲು ಹಾಕ್ತೀನಿ.”

“ಹಂಗಾರ ಕೂಗು. ಗಂಟಲು ಬಿಟ್ಟು ಕೂಗು, ನಾ ಇದ್ದೀನಿ.”

ಅವನು ಬಾಗಿ ಮೊದಲ ಕಡಬನ್ನು ಕಪ್ಪು ಮಣ್ಣಿನ ಮೇಲಿಟ್ಟು ಕೈಮುಗಿದ. “ಉಣ್ಣವ್ವಾ ತಾಯಿ. ನಿನ್ನ ಋಣ ದೊಡ್ಡದು. ನಾ ಒಳಗ ಬಂದೆ.”

ಹೀರಾಳ ಕಣ್ಣು ತುಂಬಿ ಬಂತು. ಆ ಕಡಬಿನ ಮೇಲೆ ಅವಳು ನೀರು ಹನಿಸಿದಳು.